ಮರು: ಫೋರ್ಕ್‌ಲಿಫ್ಟ್ ಬೀಳೋದಕ್ಕೆ ಯಾವ ಪದ? (ಬೋರ್ಡಿಗೆ, ಅರ್ಜೆಂಟ್)

ಗೆಳೆಯರೇ, ಫೋರ್ಕ್‌ಲಿಫ್ಟ್ (ಮುಂದಿನ ಕವಲುಗಳಿಂದ ಭಾರ ಎತ್ತುವ ಗಾಡಿ) ಓಡಿಸೋರಿಗಾಗಿ ಗೋದಾಮಿನ ಎಚ್ಚರಿಕೆ ಬೋರ್ಡೊಂದು ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಸದ್ಯಕ್ಕೆ ಹೀಗಿದೆ:

“ಬಂಡಿ ವಾಲಿದರೆ ಜಿಗಿಯಬೇಡಿ. ಸ್ಟೀರಿಂಗ್ ಹಿಡಿದು ಎದುರು ಬದಿಗೆ ವಾಲಿ.”

‘ವಾಲು’ ಸರಿಯೇ? ಅಥವಾ ಮಗುಚು, ಉರುಳು, ಪಲ್ಟಿ?

ಮರು:
ಮೊದಲು ಫೋರ್ಕ್‌ಲಿಫ್ಟ್ ಅನ್ನೋದನ್ನು ಬಿಡಿ. ಕವಲೊಡೆದ ಕೋಲಿಗೆ ‘ಕವೆ’ ಅಂತ ನಮ್ಮದೇ ಪದ ಇದೆ, ತಮಿಳಿನಲ್ಲೂ ಕವೈ. ಹಾಗಾಗಿ ಕವೆಬಂಡಿ. ಪಲ್ಟಿ ಹಿಂದಿ-ಮರಾಠಿ ಕಡೆಯದು, ಬೇಡವೇ ಬೇಡ. ‘ಮಗುಚು’ ಹಾಕಿ.

ಮರು:
ದೋಣಿ ಮಗುಚುತ್ತದೆ ಸ್ವಾಮಿ, ಅಂದ್ರೆ ತಲೆಕೆಳಗಾಗುತ್ತದೆ. ಇದು ಹಾಗಲ್ಲ. ಭಾರವನ್ನು ಮೇಲೆತ್ತಿಕೊಂಡೇ ಜೋರಾಗಿ ತಿರುಗಿಸಿದರೆ ಗಾಡಿ ಪಕ್ಕಕ್ಕೆ ಬೀಳುತ್ತದೆ. ಗಾಬರಿಯಲ್ಲಿ ಡ್ರೈವರ್ ಹಾರುತ್ತಾನೆ. ಅವನು ನೆಲ ಮುಟ್ಟುವಷ್ಟರಲ್ಲಿ ತಲೆ ಮೇಲಿದ್ದ ಕಬ್ಬಿಣದ ಚೌಕಟ್ಟು ಅವನ ಮೇಲೇ ಬಂದಿರುತ್ತದೆ. ಜಜ್ಜಿ ಸಾಯುವುದು ಹೀಗೆ. ಕಾಯಬೇಕಾದ ಚೌಕಟ್ಟೇ ಕೊಲ್ಲುತ್ತದೆ.

ನಿಮ್ಮ ಸಾಲಿನಲ್ಲಿ ಗಾಡಿಯೂ ವಾಲುತ್ತೆ, ಮನುಷ್ಯನೂ ವಾಲುತ್ತಾನೆ. ‘ಎದುರು’ ಅಂದ್ರೆ ಮುಂದೆ ಅಂತಲೂ ಆಗುತ್ತೆ. ಆ ಒಂದೆರಡು ಕ್ಷಣದಲ್ಲಿ ಯಾರು ಯೋಚಿಸ್ತಾರೆ? ಹೀಗೆ ಬರೆಯಿರಿ:

“ಗಾಡಿ ಪಲ್ಟಿಯಾಗುವಾಗ ಹಾರಬೇಡಿ. ಸೀಟಿನಲ್ಲೇ ಕೂತಿರಿ. ಸ್ಟೀರಿಂಗ್ ಬಿಗಿಯಾಗಿ ಹಿಡಿಯಿರಿ, ಕಾಲು ಒತ್ತಿ ಊರಿ. ಎಡಕ್ಕೆ ಬೀಳುತ್ತಿದ್ದರೆ ಬಲಕ್ಕೆ ಬಾಗಿ, ಬಲಕ್ಕಾದರೆ ಎಡಕ್ಕೆ.”

ಮರು:
ಕವೆಬಂಡಿ ಕಿವಿಗೆ ಹಿಡಿಸಲಿಲ್ಲ. ಎತ್ತುವ ಬಂಡಿ ತಾನೇ, ‘ಎತ್ತುಬಂಡಿ’ ಆಗಬಹುದಲ್ಲ?

ಮರು:
ಆಗಬಹುದು. ನೊಗ, ಬಾರುಕೋಲು ಯಾರು ತರ್ತಾರೆ?

ಮರು:
ಒಂದು ಕೇಳೋದಿತ್ತು. ಯಾವ ಥರದ ಗಾಡಿ? ನಿಂತು ಓಡಿಸುವ, ಹಿಂದಿನಿಂದ ಹತ್ತುವ ಗಾಡಿಯಾದರೆ ಈ ಬೋರ್ಡೇ ತಪ್ಪು. ಅದು ಪಕ್ಕಕ್ಕೆ ಬೀಳುವಾಗ ಹಿಂದಕ್ಕೆ ಹೆಜ್ಜೆಯಿಟ್ಟು ಇಳಿದುಬಿಡಬೇಕು. ಪದ ಆಮೇಲೆ.

ಮರು:
ಕೂತು ಓಡಿಸೋದೇ. ಈಗ ಬೋರ್ಡ್ ಮೇಲೇ ‘ಕೂತು ಓಡಿಸುವ ಗಾಡಿಗೆ ಮಾತ್ರ’ ಅಂತ ಸೇರಿಸಿದೆ. ಮೊದಲ ಸಾಲಿಗೆ ‘ಸೀಟ್ ಬೆಲ್ಟ್ ಹಾಕಿ’ ಅಂತ. ಪಲ್ಟಿಯನ್ನೇ ಉಳಿಸಿಕೊಂಡಿದ್ದೇನೆ, ಓದೋರಿಗೆ ಗೊತ್ತಿರುವ ಪದ ಅದು.

ಮರು:
ಸೀಟು, ಬೆಲ್ಟು, ಸ್ಟೀರಿಂಗು, ಪಲ್ಟಿ. ಕನ್ನಡ ಎಲ್ಲಿದೆ ಇದರಲ್ಲಿ?

ಮರು:
‘ಹಾರಬೇಡಿ’ಯಲ್ಲಿದೆ. ಅಂದಹಾಗೆ ಗೋದಾಮೂ ಹೊರಗಿನದೇ. ಅದನ್ನು ಯಾಕೆ ಬಿಟ್ಟಿರಿ?

ಮರು:
ಬಿಟ್ಟಿಲ್ಲ. ಗೋದಾಮಿನ ಬೇರು ತೆಲುಗಿನ ಗಿಡ್ಡಂಗಿ, ತಮಿಳಿನ ಕಿಡಂಗು ಅನ್ನೋರಿದ್ದಾರೆ. ಮಲಯಕ್ಕೆ ಹೋಗಿ ಗುದಾಂಗ್ ಆಗಿ, ಹಡಗು ಹತ್ತಿ ವಾಪಸ್ ಬಂದದ್ದು. ಬೇಕಾದರೆ ಬೇರೆ ಎಳೆ ಶುರು ಮಾಡಿ, ಬರೆಯುತ್ತೇನೆ.