ಕೆಲಸ ಬಿಟ್ಟ ಮೇಲೆ ಎದೆಯ ಭಾರ: ಕೆಲವರ ಅನುಭವ

ಕೋರಿಕೆ: ಹನ್ನೊಂದು ವರ್ಷ ದುಡಿದ ಕಂಪನಿಯನ್ನು ಬಿಟ್ಟು ನಾಲ್ಕು ತಿಂಗಳಿಂದ ಸ್ವತಂತ್ರವಾಗಿ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ನಿರ್ಧಾರ ತಪ್ಪೆಂದು ಅನ್ನಿಸಿಲ್ಲ. ಆದರೂ ಬೆಳಿಗ್ಗೆ ಎದ್ದೊಡನೆ ಎದೆ ಭಾರವಾಗುತ್ತದೆ. ‘ಈಗ ಏನು ಮಾಡುತ್ತಿದ್ದೀರಿ’ ಎಂದು ಯಾರಾದರೂ ಕೇಳಿದರೆ ನಾಲಿಗೆ ತಡವರಿಸುತ್ತದೆ. ಈ ದಾರಿಯಲ್ಲಿ ನಡೆದವರು ಇದನ್ನು ಹೇಗೆ ನಿಭಾಯಿಸಿದಿರಿ?

ಒಬ್ಬ ಅನುವಾದಕರು: ನಾನು ನೌಕರಿ ಬಿಟ್ಟು ಆರು ವರ್ಷಗಳಾದವು. ಮೊದಲ ವರ್ಷವಿಡೀ ಈ ಭಾರವನ್ನು ಹೊತ್ತು ತಿರುಗಿದ್ದೇನೆ, ಅದು ಹಣದ ಚಿಂತೆಯೆಂದೇ ನಂಬಿದ್ದೆ. ಒಳ್ಳೆಯ ಗಳಿಕೆಯಾದ ತಿಂಗಳಲ್ಲೂ ಅದು ಇಳಿಯದಿದ್ದಾಗ ಕಾರಣ ಬೇರೆಡೆ ಇದೆಯೆಂದು ಹೊಳೆಯಿತು. ಮನಶ್ಶಾಸ್ತ್ರಜ್ಞೆ ಮರೀ ಯಹೋಡಾ 1930ರ ದಶಕದ ಆರಂಭದಲ್ಲಿ ಸಂಗಡಿಗರೊಂದಿಗೆ ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಊರನ್ನು ಅಧ್ಯಯನ ಮಾಡಿದ್ದರು. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಜನರಿಗೆ ಹೊತ್ತು ಧಾರಾಳವಾಗಿತ್ತು. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು, ಗಂಡಸರ ನಡಿಗೆ ಕೂಡ ನಿಧಾನವಾಯಿತು. ದಿನಕ್ಕೊಂದು ಕಟ್ಟುಪಾಡು, ಮನೆಯಾಚೆಯ ಒಡನಾಟ, ಹಲವರು ಕೂಡಿ ಹೊತ್ತ ಗುರಿ, ಸಮಾಜದಲ್ಲೊಂದು ಸ್ಥಾನ, ತಪ್ಪದ ಚಟುವಟಿಕೆ, ಈ ಐದನ್ನೂ ಉದ್ಯೋಗವು ಸಂಬಳದ ಜೊತೆಗೆ ಸದ್ದಿಲ್ಲದೆ ಕೊಡುತ್ತಿರುತ್ತದೆ ಎಂದು ಅವರು ಮುಂದೆ ವಿವರಿಸಿದರು. ಆ ಜನ ಕೆಲಸ ಕಳೆದುಕೊಂಡವರು, ನಾವು ಇಷ್ಟಪಟ್ಟು ಬಿಟ್ಟವರು. ಅವರ ಬಡತನದೊಂದಿಗೆ ನಮ್ಮ ಕಷ್ಟವನ್ನು ಹೋಲಿಸಲಾರೆ. ಆದರೂ ಈ ಐದರಲ್ಲಿ ನನಗೆ ತಪ್ಪಿದ್ದು ಯಾವುದೆಂದು ಕೇಳಿಕೊಂಡಾಗ ಉತ್ತರ ಸಿಕ್ಕಿತು: ಕೈತುಂಬ ಕೆಲಸವಿತ್ತು, ಒಡನಾಟ ಮಾತ್ರ ಪೂರ್ತಿ ಬತ್ತಿಹೋಗಿತ್ತು. ಬರೆದದ್ದನ್ನು ಓದಿ ‘ಈ ಸಾಲು ಸರಿಯಿಲ್ಲ’ ಎನ್ನುವವರು ಒಬ್ಬರೂ ಇರಲಿಲ್ಲ. ಈಗ ವಾರದಲ್ಲಿ ಎರಡು ದಿನ ಬೆಳಿಗ್ಗೆ ಮತ್ತಿಬ್ಬರು ಅನುವಾದಕರೊಡನೆ ಕುಳಿತು, ಒಬ್ಬರ ಕರಡನ್ನು ಇನ್ನೊಬ್ಬರು ಓದುತ್ತೇವೆ. ನನಗೆ ಇದರಷ್ಟು ನೆರವಾದದ್ದು ಬೇರೊಂದಿಲ್ಲ.

ಲೆಕ್ಕಪತ್ರದ ಕೆಲಸ ಮಾಡುವವರು: ಹಣದ ಭಯವೂ ಸಣ್ಣದಲ್ಲ. ಗ್ರಾಹಕರಿಂದ ಬಂದದ್ದೆಲ್ಲ ನನ್ನ ಒಂದು ಖಾತೆಗೆ ಸೇರುತ್ತದೆ. ತೆರಿಗೆಯ ಪಾಲನ್ನು ತೆಗೆದಿಟ್ಟು, ತಿಂಗಳ ಮೊದಲ ದಿನ ಒಂದು ನಿಗದಿತ ಮೊತ್ತವನ್ನು ಮನೆ ಖರ್ಚಿನ ಖಾತೆಗೆ ‘ಸಂಬಳ’ವೆಂದು ಹಾಕಿಕೊಳ್ಳುತ್ತೇನೆ. ಗಳಿಕೆಯ ಏರಿಳಿತ ನಿಲ್ಲಲಿಲ್ಲ, ಆದರೆ ಅದು ಊಟದ ಹೊತ್ತಿನ ಮಾತಿನೊಳಗೆ ನುಗ್ಗುವುದು ನಿಂತಿತು.

ಒಬ್ಬ ಚಿತ್ರಕಲಾವಿದೆ: ಹುದ್ದೆಯ ಹೆಸರು ನನ್ನ ಹೆಸರಿಗೇ ಅಂಟಿಕೊಂಡುಬಿಟ್ಟಿತ್ತು. ಅದು ಹೋದ ಮೇಲೆ ಎಷ್ಟೋ ತಿಂಗಳು ‘ಹಿಂದೆ ಇಂಥ ಕಡೆ ಇದ್ದೆ’ ಎಂದೇ ಪರಿಚಯ ಹೇಳಿಕೊಳ್ಳುತ್ತಿದ್ದೆ. ‘ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ’ ಎಂಬ ಒಂದು ವಾಕ್ಯ ನಾಲಿಗೆಗೆ ಒಗ್ಗಿದ್ದು ಅದನ್ನು ಮನೆಯವರ ಮುಂದೆ ಗಟ್ಟಿಯಾಗಿ ಹೇಳಿ ಹೇಳಿ. ಆದರೆ ನಿಮ್ಮ ಬೆಳಗಿನ ಭಾರದ ಮಾತು ನನ್ನನ್ನು ಹೆಚ್ಚು ಕಾಡುತ್ತಿದೆ. ಅದು ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಉಳಿದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಇಷ್ಟದ ಸಂಗತಿಗಳೂ ಸಪ್ಪೆಯಾಗಿದ್ದರೆ, ದಯವಿಟ್ಟು ವೈದ್ಯರನ್ನು ಕಾಣಿರಿ. ನಾನೇ ಆರಿಸಿಕೊಂಡ ಬದುಕು, ನೊಂದುಕೊಳ್ಳುವ ಹಕ್ಕು ನನಗೆಲ್ಲಿ ಎಂದುಕೊಂಡು ನಾನು ಏಳು ತಿಂಗಳು ಮುಂದೂಡಿದೆ. ಹೋದ ದಿನ ವೈದ್ಯರು ಕೆಲಸ ಬಿಟ್ಟದ್ದೇಕೆಂದು ಕೇಳಲೇ ಇಲ್ಲ. ರಾತ್ರಿ ಎಷ್ಟು ಹೊತ್ತು ನಿದ್ದೆ ಬರುತ್ತದೆ ಎಂದು ಕೇಳಿದರು.