ಸ್ಪೀಡ್ ಬಂತು, ಹಾಡು ಎಲ್ಲೋ ಹೋಯ್ತು. ಅಭ್ಯಾಸ ಬದಲಿಸಬೇಕಾ?

ತುಮಕೂರು ತಂತಿ:
ಮೂರು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದೇನೆ. ಎಸ್.ಎಸ್. ಪುರಂ ರೂಮಿನಲ್ಲಿ ದಿನಾ ಎರಡು ಗಂಟೆ ಮೆಟ್ರೊನೋಮ್ (ಟಕ್ ಟಕ್ ಅಂತ ಲಯ ಕೊಡುವ ಯಂತ್ರ) ಹಾಕಿಕೊಂಡು ಕೂತು, ಬೀಟಿಗೆ ನಾಲ್ಕು ಸ್ವರದಂತೆ ನಿಮಿಷಕ್ಕೆ 150 ಬೀಟಿಗೆ ಬಂದಿದ್ದೇನೆ, ಅಂದರೆ ಸೆಕೆಂಡಿಗೆ ಹತ್ತು ಸ್ವರ. ಈ ಸಲ ಗಣಪತಿ ಆರ್ಕೆಸ್ಟ್ರಾದಲ್ಲಿ ಒಂದು ಸೋಲೋ ಸಿಕ್ಕಿತು. ಪೂರ್ತಿ ಅದೇ ಸ್ಪೀಡಲ್ಲಿ ನುಡಿಸಿದೆ. ಮಾರನೇ ದಿನ ಮೊಬೈಲಲ್ಲಿ ಕೇಳಿದರೆ ಒಂದು ಸ್ವರವೂ ತಪ್ಪಿಲ್ಲ, ಆದರೆ ಒಂದು ಸಾಲೂ ಮನಸ್ಸಲ್ಲಿ ನಿಲ್ಲಲಿಲ್ಲ. ತಬಲಾದವರು "ಉಸಿರು ತಗೊಳ್ಳೋದೇ ಬೇಡ್ವೇನಪ್ಪಾ" ಅಂದರು. ತುಂಬಾ ಬೇಜಾರಾಯಿತು. ಸ್ಪೀಡ್ ಅಭ್ಯಾಸ ಬಿಟ್ಟುಬಿಡಲಾ?

ಕೆಜಿಎಫ್ ಬ್ಲೂಸ್:
ಬಿಡಬೇಡಿ. ಆದರೆ ಸೋಲೋ ಮೊದಲು ಬಾಯಲ್ಲಿ ಹಾಡಿ. ರಾಬರ್ಟ್‌ಸನ್‌ಪೇಟೆಯಲ್ಲಿ ನನಗೆ ಕಲಿಸಿದ ಅಂಕಲ್ ಹಾಡಿ ತೋರಿಸುವ ತನಕ ಗಿಟಾರ್ ಮುಟ್ಟೋಕೇ ಬಿಡುತ್ತಿರಲಿಲ್ಲ. ಎಲ್ಲಿ ಉಸಿರು ಎಳೆದುಕೊಳ್ಳುತ್ತೀರೋ ಅಲ್ಲಿ ಬೆರಳು ಎತ್ತಬೇಕು, ಅಷ್ಟೇ. ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಕೇಳಿ. ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತೆ, ಸಾಲು ಮುಗಿದ ಮೇಲೆ ಅದು ಉತ್ತರ ಕೊಡುತ್ತೆ. ನಾಲ್ಕೈದೇ ಸ್ವರ, ಆದರೆ ಕೊನೇ ಸ್ವರವನ್ನು ಅಲುಗಿಸುವ ರೀತಿಯಲ್ಲೇ ಯಾರು ಅಂತ ಗೊತ್ತಾಗುತ್ತೆ.

ಕೋಲಾರ ಮೆಟಲ್:
ಸ್ಪೀಡ್ ಇದ್ದರೆ ಭಾವ ಇರಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಸ್ವೀಡನ್ನಿನ ಮೆಟಲ್ ಗಿಟಾರ್ ವಾದಕ ಇಂಗ್ವೆ ಮಾಲ್ಮ್‌ಸ್ಟೀನ್ 1984ರಲ್ಲಿ ನುಡಿಸಿದ್ದು ಕೇಳಿ, ಓಡಿ ಓಡಿ ಬಂದು ಒಂದು ಸ್ವರದ ಮೇಲೆ ನಿಂತಾಗ ಆ ವೈಬ್ರಾಟೊ (ಸ್ವರ ಅಲುಗಿಸೋದು) ಎಷ್ಟು ಅಗಲ! ನಿಲ್ಲೋದಕ್ಕೆ ಜಾಗ ಇಟ್ಟುಕೊಂಡು ಓಡಬೇಕು ಅಲ್ವಾ?

ನಂದಿ ವೀಣೆ:
ನಾನು ವೀಣೆಯವಳು, ಚಿಕ್ಕಬಳ್ಳಾಪುರ. ನಮಗೆ ಮೊದಲ ಪಾಠವಾದ ಸರಳೆ ವರಸೆಯನ್ನೇ ಮೂರು ಕಾಲದಲ್ಲಿ, ಅಂದರೆ ನಿಧಾನದಿಂದ ಶುರುಮಾಡಿ ಮೂರು ವೇಗದಲ್ಲಿ, ನುಡಿಸೋಕೆ ಹೇಳುತ್ತಾರೆ. ನನಗೆ ಈಗಲೂ ಕಷ್ಟ ಒಂದನೇ ಕಾಲವೇ. ಮೂರನೇ ಕಾಲದಲ್ಲಿ ಸ್ವರ ಒಂಚೂರು ತಗ್ಗಿದರೂ ಮುಚ್ಚಿಹೋಗುತ್ತೆ, ಒಂದನೇ ಕಾಲದಲ್ಲಿ ಎಲ್ಲಾ ಬಯಲು. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರ ವೇಗ ಎಲ್ಲರಿಗೂ ಗೊತ್ತು. ಅವರು ಮ್ಯಾಂಡೊಲಿನ್‌ಗೆ ಜೋಡಿ ತಂತಿ ಬಿಟ್ಟು ಒಂಟಿ ತಂತಿ ಹಾಕಿಸಿಕೊಂಡಿದ್ದು ಗಮಕಕ್ಕಾಗಿ (ಸ್ವರವನ್ನು ತೂಗಿ, ಜಾರಿಸಿ ನುಡಿಸೋಕೆ), ಜೋಡಿ ತಂತಿಯನ್ನು ಎಳೆಯೋದು ಕಷ್ಟ.

ಒಂದು ಪರೀಕ್ಷೆ ಮಾಡಿ. ನಿಮ್ಮ ಎರಡನೇ ತಂತಿಯ ಎಂಟನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ) ಒತ್ತಿ, ತಂತಿಯನ್ನು ಎಳೆದು ಒಂದು ಪೂರ್ತಿ ಸ್ವರ, ಅಂದರೆ ಎರಡು ಫ್ರೆಟ್‌ನಷ್ಟು, ಮೇಲಕ್ಕೆ ಏರಿಸಿ. ಆಮೇಲೆ ಹತ್ತನೇ ಫ್ರೆಟ್ ಸುಮ್ನೆ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಆಗಬೇಕು.

ತುಮಕೂರು ತಂತಿ:
ಅಕ್ಕಾ, ನಿನ್ನೆ ರಾತ್ರಿ ಮಾಡಿ ನೋಡಿದೆ. ಹತ್ತು ಸಲದಲ್ಲಿ ಮೂರು ಸಲ ಮಾತ್ರ ಸರಿಯಾಗಿ ಮುಟ್ಟಿತು, ಉಳಿದಿದ್ದೆಲ್ಲಾ ಕೆಳಗೇ ನಿಂತಿತ್ತು. ಇಷ್ಟು ದಿನ ಕಿವಿಗೆ ಬಿದ್ದೇ ಇರಲಿಲ್ಲ. ಮೆಟ್ರೊನೋಮ್ 60ಕ್ಕೆ ಇಳಿಸಿದ್ದೇನೆ. ಅದೇ ಸೋಲೋ ಮೊದಲ ಎರಡು ಸಾಲು ಹಾಡಿಕೊಂಡೆ, ಮೂರನೆಯದು ಹಾಡೋಕೇ ಬರಲ್ಲ, ಉಸಿರು ಸಾಲಲ್ಲ. ಅದನ್ನ ತೆಗೆದುಹಾಕುತ್ತೇನೆ.