ಪದಚರ್ಚೆ: ಕಾರ್ಖಾನೆಯ ‘ಸಿಮ್ಯುಲೇಷನ್’ಗೆ ಫಲಕದಲ್ಲಿ ಏನೆಂದು ಬರೆಯುವುದು?

ರಾಜಾಜಿನಗರದಿಂದ:

ಮಾನ್ಯರೇ, ಪೀಣ್ಯದ ತರಬೇತಿ ಕೇಂದ್ರವೊಂದರ ನಾಮಫಲಕವನ್ನು ಕನ್ನಡಕ್ಕೆ ತಂದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾರ್ಖಾನೆಯ ಕೆಲಸ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುವ ಬಗೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಓಡಿಸಿ ನೋಡುವುದನ್ನು ಅಲ್ಲಿ ಕಲಿಸುತ್ತಾರೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ಪ್ರೋಸೆಸ್ ಸಿಮ್ಯುಲೇಷನ್ ಅಂಡ್ ಮಾಡೆಲಿಂಗ್ ಲ್ಯಾಬ್’. ನಾನು ‘ಪ್ರಕ್ರಿಯಾ ಅನುಕರಣ ಮತ್ತು ಮಾದರಿ ಪ್ರಯೋಗಾಲಯ’ ಎಂದು ಬರೆದುಕೊಟ್ಟೆ. ಅಲ್ಲಿನ ಬೋಧಕರು ಅದನ್ನು ಓದಿ, “ನಾವು ಇಲ್ಲಿ ಯಾರನ್ನು ಅನುಕರಿಸುತ್ತೇವೆ, ಮೇಡಂ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಫಲಕದ ಅಗಲ ಆರು ಅಡಿ. 2024ರಿಂದ ಜಾರಿಯಲ್ಲಿರುವ ನಿಯಮದಂತೆ ಶೇ. 60ರಷ್ಟು ಕನ್ನಡವೇ ಇರಬೇಕು, ಅದೂ ಮೇಲ್ಭಾಗದಲ್ಲಿ. ಆದ್ದರಿಂದ ಕನ್ನಡವನ್ನು ಮೂಲೆಗೆ ಸಣ್ಣದಾಗಿ ತಳ್ಳುವಂತಿಲ್ಲ. ಸ್ಟೀಲ್ ಅಕ್ಷರ ಕತ್ತರಿಸುವವರು ಗುರುವಾರ ಸಂಜೆಯೊಳಗೆ ಪಠ್ಯ ಕೇಳಿದ್ದಾರೆ. ಒತ್ತಕ್ಷರ ಕಡಿಮೆ ಇದ್ದಷ್ಟೂ ಒಳ್ಳೆಯದೆಂಬ ಕೋರಿಕೆಯನ್ನೂ ಮುಂದಿಟ್ಟಿದ್ದಾರೆ.

ಬಸವನಗುಡಿಯಿಂದ:

ಮೊದಲನೆಯದಾಗಿ, ‘ಪ್ರಕ್ರಿಯಾ ಅನುಕರಣ’ ಎಂದು ಸಂಧಿ ಬಿಡಿಸಿ ಬರೆದದ್ದು ಏಕೆ? ಸವರ್ಣದೀರ್ಘವಾಗಿ ‘ಪ್ರಕ್ರಿಯಾನುಕರಣ’ ಎಂದೇ ಆಗಬೇಕು. ಎರಡನೆಯದಾಗಿ, ಸಿಮ್ಯುಲೇಷನ್ನಿನ ಹಿಂದಿರುವ ಲ್ಯಾಟಿನ್ನಿನ ‘ಸಿಮಿಲಿಸ್’ ಹಾಗೂ ನಮ್ಮ ‘ಸಮ’ ಒಂದೇ ಬೇರಿನ ಮಾತುಗಳು. ಹಾಗಿರುವಾಗ ‘ಸಮಾನುಕೃತಿ’ಗಿಂತ ಸಹಜವಾದ ಪದ ಇನ್ನಾವುದು? ಇದನ್ನು ನಾನು ಇಲ್ಲಿ ಹೇಳುತ್ತಿರುವುದು ಮೊದಲ ಸಲವಲ್ಲ.

ಜಯನಗರದಿಂದ:

ಕೆಲಸಗಾರರು ಓದುವ ಫಲಕಕ್ಕೆ ‘ಸಮಾನುಕೃತಿ’! ಅದನ್ನು ಓದಿ ಹೇಳಲು ಬಾಗಿಲಲ್ಲಿ ಒಬ್ಬರನ್ನು ನೇಮಿಸಬೇಕಾದೀತು. ಕನ್ನಡದ ಬೇರಿನಿಂದಲೇ ‘ಪಡಿನಡೆ’ ಎಂದು ಕಟ್ಟಬಹುದು. ‘ಪಡಿಯಚ್ಚು’ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಅಚ್ಚಿಗೆ ಅಚ್ಚು ಪಡಿಯಚ್ಚಾದರೆ, ನಡೆಗೆ ನಡೆ ಪಡಿನಡೆ. ಅದು ಹಿಡಿಸದಿದ್ದರೆ ‘ಹುಸಿನಡೆ’ ಎನ್ನಿ.

ಬಸವನಗುಡಿಯಿಂದ:

‘ಪಡಿ’ ಎಂಬುದು ‘ಪ್ರತಿ’ಯ ತದ್ಭವ. ಅಚ್ಚಗನ್ನಡದ ಬೇರು ಅಲ್ಲಿಗೆ ಮುಗಿಯಿತು. ‘ಹುಸಿ’ಯನ್ನು ಇಂದಿನ ಬೆಂಗಳೂರಿಗರು ಕಾಣುವುದು ಶಾಲೆಗಳಿಗೆ ಬರುವ ಹುಸಿ ಬಾಂಬ್ ಬೆದರಿಕೆಯ ಸುದ್ದಿಯಲ್ಲಿ.

ಮಲ್ಲೇಶ್ವರದಿಂದ:

ಅಗ್ನಿಶಾಮಕ ದಳದವರು ನಡೆಸುವ ‘ಅಣಕು ಕಾರ್ಯಾಚರಣೆ’ಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿ ತಿಳಿದಿದ್ದಾರೆ. ಅದೇ ದಾರಿಯಲ್ಲಿ ‘ಅಣಕು ಚಾಲನೆ’ ಸಾಲದೇ?

ಯಶವಂತಪುರದಿಂದ:

ಕಾರ್ಖಾನೆಗಳಲ್ಲಿ ಲೈನ್ ಜೋಡಣೆಯ ಕೆಲಸವನ್ನೇ ಮಾಡುತ್ತಾ ಬಂದವನಾದ್ದರಿಂದ, ಪದ ಕಟ್ಟುವ ಮೊದಲು ವಸ್ತುವನ್ನೊಮ್ಮೆ ನೋಡಿ ಎಂದು ವಿನಂತಿಸುತ್ತೇನೆ.

ಸಿದ್ಧ ಉಡುಪಿನ ಲೈನನ್ನೇ ತೆಗೆದುಕೊಳ್ಳಿ. ಕಾಲರ್ ಕೂಡಿಸುವ ಯಂತ್ರಕ್ಕೆ ಸರಾಸರಿ 60 ಸೆಕೆಂಡಿಗೊಂದು ಪೀಸ್ ಬರುತ್ತದೆ. ಹೊಲಿಯಲು ಸರಾಸರಿ 54 ಸೆಕೆಂಡು ಹಿಡಿಯುತ್ತದೆ. ಸರಾಸರಿಗಳನ್ನಷ್ಟೇ ನಂಬಿದರೆ ಯಾವ ಪೀಸೂ ಕಾಯಬೇಕಾಗಿಲ್ಲ. ಆದರೆ ದಾರ ತುಂಡಾಗುತ್ತದೆ, ಬಾಬಿನ್ ಖಾಲಿಯಾಗುತ್ತದೆ, ಹಿಂದಿನ ಯಂತ್ರದಿಂದ ಮೂರು ಪೀಸ್ ಒಟ್ಟಿಗೆ ಬಂದು ಬೀಳುತ್ತವೆ. ಬರುವ ಅಂತರವೂ ಹೊಲಿಯುವ ಅವಧಿಯೂ ಘಾತೀಯ ಹಂಚಿಕೆಯಂತೆ, ಅಂದರೆ ಹೆಚ್ಚಿನವು ಚಿಕ್ಕವಾಗಿ, ಅಪರೂಪಕ್ಕೊಂದು ಬಹಳ ದೀರ್ಘವಾಗಿ, ಏರಿಳಿಯುತ್ತವೆ ಎಂದು ಇಟ್ಟುಕೊಂಡರೆ, ದೀರ್ಘಕಾಲದ ಸರಾಸರಿಯಲ್ಲಿ ಆ ಯಂತ್ರದ ಬಳಿ, ಕೈಯಲ್ಲಿರುವುದೂ ಸೇರಿ, 9 ಪೀಸ್ ನಿಂತಿರುತ್ತವೆ. ಹೊಲಿಗೆಯನ್ನು 48 ಸೆಕೆಂಡಿಗೆ ಇಳಿಸಿದರೆ ಅದು 4ಕ್ಕೆ ಇಳಿಯುತ್ತದೆ. 57 ಸೆಕೆಂಡಿಗೆ ಏರಿಸಿದರೆ 19 ಆಗುತ್ತದೆ. ಮೂರು ಸೆಕೆಂಡಿನ ಸೋಮಾರಿತನಕ್ಕೆ ಹತ್ತು ಪೀಸಿನ ರಾಶಿ ಎಂದರೆ ಸೂಪರ್‌ವೈಸರುಗಳು ನಂಬುವುದಿಲ್ಲ. ತೆರೆಯ ಮೇಲೆ ರಾಶಿ ಬೆಳೆಯುವುದನ್ನು ತೋರಿಸಿದ ಮೇಲೆಯೇ ನಂಬುತ್ತಾರೆ.

ಒಂದೇ ಯಂತ್ರವಾದರೆ ಇದಕ್ಕೆ ಸೂತ್ರವಿದೆ. ಟೆಲಿಫೋನ್ ಕರೆಗಳು ಬರುವ ಬಗೆಯನ್ನು ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲೇ ಗಣಿತಕ್ಕೆ ಒಳಪಡಿಸಿದ್ದರು. ಯಂತ್ರಗಳು ನಲವತ್ತಾಗಿ, ನಡುವೆ ಚೆಕಿಂಗ್ ಸೇರಿ, ಅಲ್ಲಿ ತಿರಸ್ಕೃತವಾದ ಪೀಸುಗಳು ಹಿಂದಿನ ಯಂತ್ರಕ್ಕೆ ಮರಳುವಂತಾದರೆ ಸೂತ್ರ ಕೈಕೊಡುತ್ತದೆ. ಆಗ ಯಾವ ಪೀಸ್ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಹಿಡಿಯಬಹುದು ಎಂಬ ನಿಯಮಗಳನ್ನು ಕಂಪ್ಯೂಟರಿಗೆ ಒಪ್ಪಿಸಿ, ಯಾದೃಚ್ಛಿಕ, ಅಂದರೆ ದಾಳ ಉರುಳಿಸಿದಂತೆ ಬರುವ, ಸಂಖ್ಯೆಗಳನ್ನು ಎಳೆಯುತ್ತಾ ಎಂಟು ಗಂಟೆಯ ಪಾಳಿಯನ್ನು ಕೆಲವು ಸೆಕೆಂಡುಗಳಲ್ಲಿ ನಡೆಸಿ, ಖಾಲಿ ಲೈನಿನಿಂದ ಶುರುವಾದ ಆರಂಭದ ಅವಧಿಯ ಅಂಕಿಗಳನ್ನು ಕೈಬಿಟ್ಟು, ಬೇರೆ ಬೇರೆ ಸಂಖ್ಯೆಗಳಿಂದ ಅದನ್ನೇ ಮತ್ತೆ ಮತ್ತೆ ನಡೆಸುತ್ತೇವೆ. ಆ ನಿಯಮಗಳ ಕಟ್ಟು ಮಾದರಿ. ಅದನ್ನು ಕಾಲದಲ್ಲಿ ನಡೆಸುವುದು ಸಿಮ್ಯುಲೇಷನ್. ಎಷ್ಟೋ ಸಲ ಆ ಲೈನು ಇನ್ನೂ ಹುಟ್ಟಿಯೇ ಇರುವುದಿಲ್ಲ. ಹುಟ್ಟದ್ದನ್ನು ಅನುಕರಿಸುವುದು ಹೇಗೆ? ಬೋಧಕರ ಪ್ರಶ್ನೆಯ ತಿರುಳು ಇದೇ ಎಂದು ತೋರುತ್ತದೆ. ‘ಅಣಕು’ ಒಂದು ಸಲದ ಪ್ರದರ್ಶನ, ಅಣಕವಾಡಿನ ವಾಸನೆಯೂ ಅದಕ್ಕೆ ಅಂಟಿದೆ. ‘ಪ್ರಾಯೋಗಿಕ ಚಾಲನೆ’ ಎಂದೀರಿ. ಅದು ನಮ್ಮಲ್ಲಿ ‘ಟ್ರಯಲ್’, ಅಂದರೆ ನಿಜವಾದ ಯಂತ್ರಕ್ಕೆ ನಿಜವಾದ ಬಟ್ಟೆ ಕೊಟ್ಟು ನೋಡುವುದು.

ಇನ್ನೊಂದು ಮಾತು: ‘ಮಾದರಿ ಪ್ರಯೋಗಾಲಯ’ ಎಂದರೆ ‘ಮಾದರಿ ಶಾಲೆ’ಯಂತೆ, ಉಳಿದವರು ನೋಡಿ ಕಲಿಯಬೇಕಾದ ಪ್ರಯೋಗಾಲಯವೆಂದೇ ಅರ್ಥವಾಗುತ್ತದೆ. ರಕ್ತದ ಮಾದರಿಯನ್ನು ಕೊಡಲು ಯಾರಾದರೂ ಒಳಗೆ ಬಂದರೂ ಆಶ್ಚರ್ಯವಿಲ್ಲ. ‘ಮಾದರಿ ರಚನೆ’ ಎನ್ನಿ. ಅದನ್ನು ಮೊದಲಿಗೆ ತನ್ನಿ, ಏಕೆಂದರೆ ಕಟ್ಟದೆ ಓಡಿಸಲಾಗದು. ಸಿಮ್ಯುಲೇಷನ್ನನ್ನು ಹಾಗೆಯೇ ಬಿಡಿ.

ಜಯನಗರದಿಂದ:

‘ಹಾಗೆಯೇ ಬಿಡಿ’ ಎನ್ನುವುದು ವಾದವಲ್ಲ, ಶರಣಾಗತಿ. ಇಷ್ಟು ಚೆನ್ನಾಗಿ ಕನ್ನಡದಲ್ಲಿ ವಿವರಿಸಬಲ್ಲವರು ಕೊನೆಯ ಒಂದು ಪದಕ್ಕೆ ಸೋಲುವುದೇಕೆ? ನೀವೇ ‘ನಡೆಸುವುದು’, ‘ಓಡಿಸುವುದು’ ಎಂದು ಬರೆದಿದ್ದೀರಿ.

ಯಶವಂತಪುರದಿಂದ:

ಲೈನನ್ನೂ ನಡೆಸುತ್ತಾರೆ, ಕಾರ್ಖಾನೆಯನ್ನೂ ನಡೆಸುತ್ತಾರೆ. ಫಲಕದ ಮೇಲೆ ಬರಿಯ ‘ನಡೆ’ ಯಾವುದನ್ನು ಹೇಳೀತು? ಇನ್ನು ಶರಣಾಗತಿಯ ಮಾತು. ನಾರ್ವೆಯವರು 1960ರ ದಶಕದಲ್ಲಿ ಈ ಕೆಲಸಕ್ಕೆಂದೇ ಒಂದು ಗಣಕ ಭಾಷೆಯನ್ನು ರೂಪಿಸಿ ‘ಸಿಮುಲಾ’ ಎಂದು ಕರೆದರು. ತಮ್ಮ ಭಾಷೆ ಸೋತಿತೆಂದು ಅವರೇನೂ ಅತ್ತಂತಿಲ್ಲ.

ಬಸವನಗುಡಿಯಿಂದ:

‘ಸಿಮುಲಾ’ ಅಂಕಿತನಾಮ. ಅಂಕಿತನಾಮದಿಂದ ಎರವಲಿನ ವಾದ ಹೂಡಲಾಗದು. ಅಲ್ಲದೆ ‘ಸಿಮ್ಯುಲೇಷನ್ ಪ್ರಯೋಗಾಲಯ’ ಸಂಸ್ಕೃತಕ್ಕೆ ಕನ್ನಡ ಬೆರೆಸುವ ಅರಿಸಮಾಸಕ್ಕಿಂತಲೂ ಕಡೆ.

ಮಲ್ಲೇಶ್ವರದಿಂದ:

‘ಬ್ಯಾಂಕ್ ಖಾತೆ’ಯಲ್ಲಿ ಒಂದು ಇಂಗ್ಲಿಷಿನದು, ಇನ್ನೊಂದು ಹಿಂದುಸ್ತಾನಿಯದು. ಸಮಾಸ ಕೆಟ್ಟಿದೆಯೆಂದು ಖಾತೆ ತೆರೆಯದೆ ಮನೆಗೆ ಮರಳಿದವರನ್ನು ನಾನು ಕಂಡಿಲ್ಲ.

ಬಸವನಗುಡಿಯಿಂದ:

ಬಳಕೆ ಬೇರೆ, ಶುದ್ಧಿ ಬೇರೆ. ಹಿಂದಿಯವರು ‘ಅನುಕಾರ’ ಎಂದು ಸಾಧಿಸಿಕೊಂಡಿದ್ದಾರೆ. ನಾವು ಬ್ಯಾಂಕಿನ ಸರದಿಯಲ್ಲಿ ನಿಂತಿದ್ದೇವೆ.

ಜಯನಗರದಿಂದ:

ಹಿಂದಿಯನ್ನು ನೋಡಿ ಕನ್ನಡ ಕಟ್ಟಬೇಕೆನ್ನುವವರೊಡನೆ ನನಗೆ ಮಾತಿಲ್ಲ.

ರಾಜಾಜಿನಗರದಿಂದ:

ಎಲ್ಲರಿಗೂ ವಂದನೆಗಳು. ಇಂದು ಮಧ್ಯಾಹ್ನ ಎರಡು ಸಾಲಿನಲ್ಲಿ ‘ಉತ್ಪಾದನಾ ಹರಿವಿನ ಮಾದರಿ ರಚನೆ / ಮತ್ತು ಸಿಮ್ಯುಲೇಷನ್ ಪ್ರಯೋಗಾಲಯ’ ಎಂದು ಕಳುಹಿಸಿದ್ದೇನೆ. ‘ಪ್ರಕ್ರಿಯೆ’ಯನ್ನು ಬಿಟ್ಟದ್ದು ಬೋಧಕರ ಸಲಹೆಯಿಂದ, ಅಲ್ಲಿ ಕಲಿಸುವುದು ಒಂದು ಯಂತ್ರದೊಳಗಿನ ಕೆಲಸವನ್ನಲ್ಲ, ಯಂತ್ರಗಳ ನಡುವಿನ ಹರಿವನ್ನು ಎಂದು ಅವರು ವಿವರಿಸಿದರು. ‘ಪಡಿನಡೆ’ಯನ್ನು ಅವರಿಗೆ ಓದಿ ಹೇಳಿದೆ. ಪಡಿತರಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಿದರು. ಅಕ್ಷರ ಕತ್ತರಿಸುವವರು ಈಗ ಫೋನ್ ಮಾಡಿ, ‘ಷ’ ಹಾಕಬೇಕೋ ‘ಶ’ ಹಾಕಬೇಕೋ ಎಂದು ಕೇಳುತ್ತಿದ್ದಾರೆ. ‘ಷ’ ಎಂದಿದ್ದೇನೆ.

ಬಸವನಗುಡಿಯಿಂದ:

‘ಶ’ ಆಗಬೇಕಿತ್ತು.